ನಡುಗಡ್ಡೆಯ ಸರ್ವೆ ಮೇ ತಿಂಗಳಲ್ಲಿ ಬೇಡ

ಮಾನ್ಯ ಸಂಪಾದಕರೇ,

ಕೃಷ್ಣಾ ಹೊಳೆ ತುಂಬಿತೆಂದರೆ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ: ‘ನಡುಗಡ್ಡೆ ಬಿಟ್ಟು ಬರಲೊಲ್ಲದ ಜನ’. ಅಧಿಕಾರಿಗಳು ಬೋಟಿನಲ್ಲಿ ಹೋಗಿ ಕರೆದರು, ಜನ ಹಟ ಹಿಡಿದರು ಎಂದು ನಾಲ್ಕು ಸಾಲು, ಜೊತೆಗೊಂದು ಫೋಟೊ. ನೀರು ಇಳಿದ ಮೇಲೆ ಗಡ್ಡೆಯ ಮಾತು ಮುಂದಿನ ಜುಲೈವರೆಗೆ ಯಾರ ಬಾಯಲ್ಲೂ ಇರುವುದಿಲ್ಲ. ಜಮಖಂಡಿ ತಾಲ್ಲೂಕಿನ ಮುತ್ತೂರು, ಕಂಕಣವಾಡಿ ಕಡೆಯ ಗಡ್ಡೆಗಳಲ್ಲಿ ಬದುಕು ಹೇಗೆ ನಡೆಯುತ್ತದೆ, ಜನ ಏಕೆ ಹೊರಡುವುದಿಲ್ಲ ಎಂಬುದು ಈಗಲಾದರೂ ಓದುಗರಿಗೆ ತಿಳಿಯಬೇಕು. ಆಲಮಟ್ಟಿ ಆಣೆಕಟ್ಟು ಎತ್ತರಿಸಲು ಸರ್ವೆ ಮಾಡಿ ಜಮೀನು ಸ್ವಾಧೀನ ಮಾಡಿಕೊಳ್ಳುವ ಕೆಲಸ ಮುಂದಿರುವಾಗ ಸುಮ್ಮನಿದ್ದರೆ ಮತ್ತೆ ಕೇಳುವವರು ಸಿಗುವುದಿಲ್ಲ.

ಹೊಳೆ ಎರಡು ಸೀಳಾಗಿ ಹರಿದು ಕೆಳಗೆ ಮತ್ತೆ ಕೂಡುತ್ತದಲ್ಲ, ಆ ನಡುವೆ ಉಳಿದ ಭೂಮಿಯೇ ಗಡ್ಡೆ. ಒಂದು ಮಗ್ಗುಲಿಗೆ ದೊಡ್ಡ ಹೊಳೆ, ಇನ್ನೊಂದು ಮಗ್ಗುಲಿಗೆ ಸಣ್ಣ ಹೊಳೆ. ನೀರು ಬಂದು ಬಡಿಯುವ ಮೇಲಿನ ತುದಿ ಪ್ರತಿ ಮಳೆಗಾಲ ಕೊರೆಯುತ್ತದೆ, ನೀರಿನ ಓಟ ತಗ್ಗುವ ಕೆಳಗಿನ ತುದಿಗೆ ಮೆಕ್ಕಲು ಮಣ್ಣು ಕೂಡುತ್ತದೆ. ಹಾಗಾಗಿ ಉತಾರದಲ್ಲಿ (ಪಹಣಿಯಲ್ಲಿ) ಇರುವಷ್ಟು ಎಕರೆ ನೆಲದ ಮೇಲೆ ಇರುವುದಿಲ್ಲ. ಹೊಳೆಪಾಲಾದ ಗುಂಟೆಗಳು ಕಾಗದದಲ್ಲಿ ಹಾಗೇ ಉಳಿದಿರುತ್ತವೆ, ಹೊಸದಾಗಿ ಕೂಡಿದ ಮಣ್ಣಿಗೆ ಯಾರ ಹೆಸರೂ ಇರುವುದಿಲ್ಲ. ಅಣ್ಣತಮ್ಮಂದಿರ ಪಾಲಿನ ಜಗಳಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತವೆ.

ಆಣೆಕಟ್ಟುಗಳ ಮೊದಲು ಗಡ್ಡೆ ನಿಜವಾಗಿ ನಡುಗಡ್ಡೆಯಾಗಿರುತ್ತಿದ್ದುದು ಮಳೆಗಾಲದ ನಾಲ್ಕು ತಿಂಗಳು ಮಾತ್ರ. ಆಗ ಹರಗೋಲು ಹಾಕುತ್ತಿದ್ದರು. ಬಿದಿರಿನ ದುಂಡನೆಯ ಬುಟ್ಟಿ, ಹೊರಗೆ ಹಿಂದೆಲ್ಲ ಚರ್ಮದ ಹೊದಿಕೆ, ಆಮೇಲೆ ಪ್ಲಾಸ್ಟಿಕ್ ಚೀಲದ ಮೇಲೆ ಡಾಂಬರು. ದೀಪಾವಳಿ ದಾಟಿದರೆ ಸಣ್ಣ ಹೊಳೆ ಮೊಣಕಾಲಿಗೆ ಇಳಿದು ಚಕ್ಕಡಿ ದಾಟುತ್ತಿತ್ತು. ಬೇಸಿಗೆಯಲ್ಲಿ ಪಾತ್ರದ ಉಸುಕಿನಲ್ಲೇ ತಗ್ಗು ತೋಡಿ, ಗೊಬ್ಬರ ತುಂಬಿ ಕಲ್ಲಂಗಡಿ, ಸೌತೆ ಹಾಕುತ್ತಿದ್ದರು. ಮೆಕ್ಕಲಿನಲ್ಲಿ ಹಿಂಗಾರಿ ಜೋಳ, ಕಡಲೆ, ಮುಳಗಾಯಿ (ಬದನೆ). ನೀರು ಕಟ್ಟುವ ಗೋಜೇ ಇರಲಿಲ್ಲ, ನೆಲದ ಹಸಿಯ ಮೇಲೇ ಬೆಳೆ ಬರುತ್ತಿತ್ತು.

1989ರಲ್ಲಿ ಚಿಕ್ಕಪಡಸಲಗಿಯಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂಬ ಹೆಸರಿಗೆ ತಕ್ಕ ಕೆಲಸ ಅದು, ಇಂದಿಗೂ ಈ ಸೀಮೆಯ ಹೆಮ್ಮೆ. ಮೇಲೆ ಹಿಪ್ಪರಗಿ ಬ್ಯಾರೇಜು ಬಂತು, 6 ಟಿಎಂಸಿಯದು. ಕೆಳಗೆ 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ 2006ರಲ್ಲಿ ನಾಡಿಗೆ ಸಮರ್ಪಣೆಯಾಯಿತು: ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ಸಂಗ್ರಹ 123 ಟಿಎಂಸಿ. ನೀರು ನಿಂತದ್ದರಿಂದಲೇ ಗಡ್ಡೆಗೆ ಕಬ್ಬು ಬಂತು, ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅದೇ ಹಿನ್ನೀರು ಸಣ್ಣ ಹೊಳೆಯಲ್ಲಿ ತಿಂಗಳುಗಟ್ಟಲೆ ನಿಂತು ಚಕ್ಕಡಿ ದಾರಿಯನ್ನು ನುಂಗಿತು. ಹೊಲ ಮುಳುಗಲಿಲ್ಲ, ಹೊಲಕ್ಕೆ ಹೋಗುವ ದಾರಿ ಮುಳುಗಿತು. ಹೊಲ ಮುಳುಗದ್ದರಿಂದ ಅದು ಮುಳುಗಡೆಯ ಲೆಕ್ಕಕ್ಕೆ ಬರಲಿಲ್ಲ. ನಮ್ಮ ತಕರಾರಿನ ಬುಡ ಇಲ್ಲಿದೆ.

ದಾರಿ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ಕಬ್ಬಿನಲ್ಲಿ ನೋಡಿ. ದಂಡೆಯ ರೈತನ ಹೊಲಕ್ಕೆ ಟ್ರ್ಯಾಕ್ಟರ್ ನೇರ ಬರುತ್ತದೆ. ಗ್ಯಾಂಗಿನವರು ಕಡಿದು, ಕಟ್ಟಿ, ಟ್ರೇಲರಿಗೆ ಹೇರಿದರೆ ಮುಗಿಯಿತು. ಗಡ್ಡೆಯಲ್ಲಿ ಕಡಿದ ಕಬ್ಬನ್ನು ತಲೆಹೊರೆಯಲ್ಲಿ ನೀರಿನ ಅಂಚಿಗೆ ತರಬೇಕು, ಬೋಟಿಗೆ ಹೇರಬೇಕು, ಆಚೆ ದಂಡೆಯಲ್ಲಿ ಇಳಿಸಬೇಕು, ಮತ್ತೆ ಟ್ರೇಲರಿಗೆ ಏರಿಸಬೇಕು. ಎಕರೆಗೆ 40 ಟನ್ ಇಳುವರಿ, ಬೋಟು ಹೊರುವುದು 3 ಟನ್ ಎಂದರೆ ಒಂದೇ ಎಕರೆಗೆ 14 ಸುತ್ತು. ಕಡಿದ ಕಬ್ಬು ಒಂದು ದಿನದೊಳಗೆ ಕಾರ್ಖಾನೆಯ ಕಾಟಾ (ತೂಕದ ಯಂತ್ರ) ಏರದಿದ್ದರೆ ಒಣಗಿ ತೂಕ ಕಳೆಯುತ್ತದೆ, ಸಕ್ಕರೆಯಂಶವೂ ಇಳಿಯುತ್ತದೆ. ಕೂಲಿಯೂ ಹೆಚ್ಚು, ತೂಕವೂ ಕಡಿಮೆ.

ಈ ತಲೆಹೊರೆ ತಪ್ಪಿಸಲು ಎರಡು ಬೋಟುಗಳನ್ನು ಜೋಡಿಸಿ, ಮೇಲೆ ಹಲಗೆ ಹಾಸಿ, ತುಂಬಿದ ಟ್ರೇಲರನ್ನೇ ದಾಟಿಸುತ್ತಾರೆ. ಅಪಾಯ ಇರುವುದು ನಡುನೀರಿಗಿಂತ ಏರುವ ಮತ್ತು ಇಳಿಯುವ ಜಾಗದಲ್ಲಿ. ಟ್ರ್ಯಾಕ್ಟರಿನ ಗಾಲಿ ಹಲಗೆಯ ಮೇಲೆ ತಿರುಗಿದಾಗ ಬೋಟನ್ನು ಹಿಂದಕ್ಕೆ ನೂಕುತ್ತದೆ. ದಂಡೆಯ ಗೂಟಕ್ಕೆ ಕಟ್ಟಿದ ಹಗ್ಗ ಗೇಣುದ್ದ ಸಡಿಲವಿದ್ದರೂ ಬೋಟಿಗೂ ದಂಡೆಗೂ ನಡುವೆ ಸಂದು ಬಿದ್ದು ಗಾಲಿ ಅದರೊಳಗೆ ಇಳಿಯುತ್ತದೆ. ಅದಕ್ಕೇ ಹಗ್ಗ ಎರಡು ಕಡೆ ಬಿಗಿಯಾಗಿರಬೇಕು, ಬೋಟಿನ ಮೂತಿ ನೆಲಕ್ಕೆ ಕಚ್ಚಿರಬೇಕು, ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಬೇಕು, ಒಂದು ಸುತ್ತಿಗೆ ಒಂದೇ ಟ್ರೇಲರು. ಟ್ರೇಲರ್ ನಡುವೆ ನಿಲ್ಲದೆ ಒಂದು ಮಗ್ಗುಲಿಗೆ ಸರಿದರೆ ಆ ಕಡೆಯ ಬೋಟು ನೀರು ಕುಡಿಯುತ್ತದೆ. ಗಾಳಿ ಎದ್ದ ದಿನ ಹಿನ್ನೀರಿನಲ್ಲಿ ತೆರೆ ಏಳುತ್ತವೆ, ಆಗ ಈ ಕೆಲಸಕ್ಕೆ ಕೈ ಹಾಕಲೇಬಾರದು.

ಬ್ಯಾರೆಲ್ ಸೇತುವೆಯನ್ನೂ ಈ ಭಾಗದ ರೈತರು ತಾವೇ ಕಟ್ಟಿ ನೋಡಿದ್ದಾರೆ. 200 ಲೀಟರಿನ ಖಾಲಿ ಬ್ಯಾರೆಲ್ ಪೂರ್ತಿ ಮುಳುಗುವ ಹೊತ್ತಿಗೆ ಸುಮಾರು 200 ಕೆ.ಜಿ. ಎತ್ತುತ್ತದೆ. ಅಂಚಿನವರೆಗೆ ಮುಳುಗಿಸುವಂತಿಲ್ಲವಾದ್ದರಿಂದ ಅರ್ಧವನ್ನೇ ನಂಬಬೇಕು. ಒಂದು ಬೈಕು, ಇಬ್ಬರು ಸವಾರರು ಎಂದರೆ 260 ಕೆ.ಜಿ., ಬೈಕು ನಿಂತ ಜಾಗದ ಕೆಳಗೆ ಮೂರು ಬ್ಯಾರೆಲ್ ಬೇಕೇ ಬೇಕು. ನೀರು ಏರಿದಂತೆ ಮೇಲ್ಹರಿವಿನ ಹಗ್ಗ ಸಡಿಲಿಸದಿದ್ದರೆ ಬ್ಯಾರೆಲ್‌ಗಳನ್ನು ಹಗ್ಗವೇ ಒಳಕ್ಕೆ ಎಳೆಯುತ್ತದೆ. ಹೊಳೆ ಬಂದಾಗ ಮರದ ಬೊಡ್ಡೆ, ಜಲಕಳೆ ಬಂದು ಸಿಕ್ಕಿ ಸೇತುವೆಯನ್ನು ಅಡ್ಡಗಟ್ಟೆ ಮಾಡುತ್ತವೆ, ಆಗ ಹಗ್ಗ ಹರಿಯದೆ ಗತಿಯಿಲ್ಲ. ಮಳೆಗಾಲಕ್ಕೆ ಮುಂಚೆ ಬಿಚ್ಚಿಡಲೇಬೇಕು. ಅಂದರೆ ಜನಕ್ಕೆ ತೀರಾ ಬೇಕಾದ ತಿಂಗಳುಗಳಲ್ಲಿ ಅದು ಇರುವುದಿಲ್ಲ.

ಇನ್ನು ಪಂಪ್‌ಸೆಟ್. ‘ಮೋಟಾರನ್ನು ಮೊದಲೇ ಎತ್ತರದಲ್ಲಿ ಇಡಬಾರದೇನು?’ ಎಂದು ಹೊರಗಿನವರು ಕೇಳುತ್ತಾರೆ. ಹೀರುವ ಪಂಪು ನೀರಿನ ಮಟ್ಟದಿಂದ ಸುಮಾರು 20 ಅಡಿಗಿಂತ ಮೇಲಿದ್ದರೆ ನೀರು ಎತ್ತುವುದಿಲ್ಲ. ಹೊಳೆ ಇಳಿದಂತೆ ಮೋಟಾರು ಕೆಳಗೆ ಇಳಿಯಬೇಕು, ಏರಿದಂತೆ ಮೇಲೆ ಬರಬೇಕು. ರಾತ್ರಿ ಬೆಳಗಾಗುವುದರೊಳಗೆ ನೀರು ಐದಾರು ಅಡಿ ಏರಿತೆಂದರೆ ಸ್ಟಾರ್ಟರ್ ಬಿಚ್ಚಿ, ಪೈಪು ಕಳಚಿ, ನಾಲ್ಕು ಜನ ಹೊತ್ತು ದಂಡೆ ಹತ್ತಿಸಬೇಕು. ಮುಳುಗಿದ ಮೋಟಾರಿಗೆ ವೈಂಡಿಂಗ್ ಹೊಸದಾಗಿ ಸುತ್ತಿಸಬೇಕು, ಬೇರಿಂಗ್ ಬದಲಿಸಬೇಕು. ನೀರು ಇಳಿದ ಮೇಲೆ ಹೀರುವ ಪೈಪಿನ ತುದಿಯ ಫುಟ್‌ವಾಲ್ ಹೂಳಿನಲ್ಲಿ ಹೂತಿರುತ್ತದೆ. ಮೊಸಳೆಗಳಿರುವ ಹೊಳೆಯಲ್ಲಿ ಎದೆಮಟ್ಟ ಇಳಿದು ಅದನ್ನು ಕೈಯಿಂದಲೇ ಬಿಡಿಸಬೇಕು. ಬೋಟಿನಲ್ಲಿ ಕರೆಯಲು ಬಂದವರಿಗೆ ‘ತಡೀರಿ, ಬರ್ತೀವಿ’ ಎಂದವರು ಬಹಳ ಸಲ ಮೋಟಾರು ಹೊರುತ್ತಿರುತ್ತಾರೆ.

ಮಿಕ್ಕವರು ದನಗಳ ಹತ್ತಿರ ಇರುತ್ತಾರೆ. ಒಂದು ಎಮ್ಮೆಗೆ ದಿನಕ್ಕೆ 20 ಕೆ.ಜಿ. ಹಸಿಮೇವು, 5 ಕೆ.ಜಿ. ಕಣಿಕೆ (ಒಣ ಜೋಳದ ದಂಟು) ಬೇಕು. ಆರು ದನಗಳ ಮನೆಗೆ ಹತ್ತು ದಿನಕ್ಕೆ ಒಂದೂವರೆ ಟನ್. ನೆರೆ ಸಂತ್ರಸ್ತರ ಕಾಳಜಿ ಕೇಂದ್ರದಲ್ಲಿ ಮನುಷ್ಯರಿಗೆ ಅನ್ನ ಮೊದಲ ದಿನವೇ ಸಿಗುತ್ತದೆ, ಮೇವು ತಡವಾಗುತ್ತದೆ. ಹಾಲು ಕರೆಯುವುದು ಎರಡು ಹೊತ್ತು ತಪ್ಪಿದರೂ ಕೆಚ್ಚಲು ಬಾತುಕೊಳ್ಳುತ್ತದೆ. ದಾಟಿಸುವುದೂ ಸುಲಭವಲ್ಲ. ಕರುವನ್ನು ಮೊದಲು ಬೋಟಿಗೆ ಹತ್ತಿಸಬೇಕು, ತಾಯಿ ಅದರ ಹಿಂದೆ ಬರುತ್ತದೆ. ಎಮ್ಮೆ ಈಜುತ್ತದೆ, ಹಗ್ಗ ಹಿಡಿದು ಬೋಟಿನ ಮಗ್ಗುಲಿಗೆ ಕರೆದೊಯ್ಯಬಹುದು. ಜರ್ಸಿ ಆಕಳು ನೀರಿಗೆ ಬೆದರುತ್ತದೆ, ಬೋಟಿನಲ್ಲೇ ಗಿಡ್ಡ ಹಗ್ಗಕ್ಕೆ ಕಟ್ಟಿ ಒಯ್ಯಬೇಕು. ಓಟ ಜೋರಾದ ಮೇಲೆ ಇದಾವುದೂ ಸಾಗುವುದಿಲ್ಲ. ಮೇಲೆ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನ ಹರಿವು, ಉಪನದಿ ದೂಧಗಂಗಾ ಹರಿವು ಎರಡನ್ನೂ ಕೂಡಿಸಿ ನೋಡಿ, ಅಂಕಿ ಏರುಮುಖವಾದ ಮೊದಲ ದಿನವೇ ದನ ಸಾಗಿಸಲು ದೊಡ್ಡ ಬೋಟು, ಅದರ ಜೊತೆಗೇ ಮೇವಿನ ಲಾರಿ ಬಂದರೆ ಜನ ತಾವಾಗಿ ಹೊರಡುತ್ತಾರೆ. 1 ಲಕ್ಷ ಕ್ಯುಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ ಬಿಟ್ಟದ್ದು 5 ಲಕ್ಷ ಕ್ಯುಸೆಕ್ ಮೀರಿತ್ತು. ಆ ಓಟದಲ್ಲಿ ಬೋಟು ಕಳಿಸಿ ಕರೆಯುವುದು ಕರೆಯಲು ಬಂದವರ ಜೀವಕ್ಕೂ ಕುತ್ತು.

ನೀರು ಇಳಿದ ಮೇಲಿನ ಪಾಡು ಬೇರೆ. ಬೋರಿನ ನೀರನ್ನು ಹಾಗೇ ಕುಡಿಯುವಂತಿಲ್ಲ. ತಿಳಿಯಾದ 1,000 ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರ್ ಹಾಕಿ ಒಂದು ತಾಸು ಬಿಡಬೇಕು, ರಾಡಿ ನೀರಿಗೆ ಮೊದಲು ಪಟಕ (ಸ್ಫಟಿಕ) ಆಡಿಸಬೇಕು. ಬಣವೆಯಲ್ಲಿ, ಕಬ್ಬಿನ ಒಣ ರವದಿಯಲ್ಲಿ ಹಾವು ಸೇರಿಕೊಂಡಿರುತ್ತವೆ, ಕೈ ಹಾಕುವ ಮುಂಚೆ ಕೋಲಿನಿಂದ ಕೆದರಬೇಕು. ಕಬ್ಬಿನ ಸುಳಿ ಮೂರ್ನಾಲ್ಕು ದಿನ ನೀರೊಳಗಿದ್ದರೆ ಕೊಳೆಯುತ್ತದೆ, ಆಮೇಲೆ ಗಣ್ಣುಗಳಲ್ಲಿ ಮರಿ ಒಡೆದು ಸಕ್ಕರೆಯಂಶ ಹೋಗುತ್ತದೆ. ದೂರದಿಂದ ನೋಡಿದರೆ ಹೊಲ ಹಸಿರಾಗಿಯೇ ಕಾಣುವುದರಿಂದ ಬೆಳೆ ಹಾನಿ ಪರಿಹಾರಕ್ಕೆ ಬೇಕಾದ ಶೇ 33 ದಾಟಿಲ್ಲ ಎಂದು ಬರೆಯುವುದು ಸುಲಭ. ಹೊಲದೊಳಗೆ ಇಳಿದು ಸುಳಿ ಕಿತ್ತು ನೋಡಬೇಕು, ಕೊಳೆತದ್ದು ಕೈಗೆ ಹಾಗೇ ಬರುತ್ತದೆ. ದಾಟಿದೆ ಎಂದು ಬರೆದರೂ ನೀರಾವರಿ ಬೆಳೆಗೆ 2022-26ರ ವಿಪತ್ತು ನಿಧಿಯ ದರ ಹೆಕ್ಟೇರಿಗೆ 17,000 ರೂಪಾಯಿ ಇತ್ತು, ಅದೂ ಎರಡು ಹೆಕ್ಟೇರಿನವರೆಗೆ. ಎಕರೆಗೆ ಏಳು ಸಾವಿರವೂ ಆಗಲಿಲ್ಲ. 40 ಟನ್ ಕಬ್ಬಿಗೆ ಟನ್ನಿಗೆ 3,000 ಹಿಡಿದರೂ ಹೋದದ್ದು 1.20 ಲಕ್ಷ.

ಈಗ ಮುಖ್ಯ ಮಾತು. ರಾಜ್ಯಗಳಿಗೆ ನೀರು ಹಂಚುವ ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯನ್ನು 524.256 ಮೀಟರಿಗೆ ಎತ್ತರಿಸಲು ಒಪ್ಪಿತು. ಈಗಿನ ಮಟ್ಟಕ್ಕಿಂತ 15 ಅಡಿ ಮೇಲೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಮುಳುಗಡೆ ಜಮೀನಿಗೆ ಎಕರೆಗೆ ನೀರಾವರಿಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ರೂಪಾಯಿ ದರ ನಿಗದಿ ಮಾಡಿತು. ಮುಳುಗುವುದು 75,563 ಎಕರೆ ಎಂದು ಲೆಕ್ಕ. ಈ ದರವನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ಆ ಲೆಕ್ಕ ನಡೆಯುವುದು ಎತ್ತರದ ಗೆರೆಯ ಮೇಲೆ. ಒಬ್ಬ ರೈತನ ಮೂರು ಎಕರೆಯಲ್ಲಿ ಒಂದು ಗೆರೆಯ ಕೆಳಗೆ, ಎರಡು ಮೇಲೆ ಬಂದರೆ ಒಂದಕ್ಕಷ್ಟೇ ಹಣ. ಉಳಿದ ಎರಡು ಎಕರೆ ನೀರಿನ ನಡುವೆ ಇನ್ನೂ ಚಿಕ್ಕ ಗಡ್ಡೆಯಾಗುತ್ತದೆ. ಬೋಟಿಲ್ಲದೆ ಹೋಗುವಂತಿಲ್ಲ, ಮಾರಲು ಹೋದರೆ ಕೊಳ್ಳುವವರಿಲ್ಲ. ಇಂದು ದಂಡೆಗೆ ಅಂಟಿಕೊಂಡಿರುವ ಕೆಲವು ಹೊಲಗಳೂ ನಾಳೆ ಗಡ್ಡೆಗಳಾಗುತ್ತವೆ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಸ್ವಾಧೀನವಾದ ತುಂಡಿನಿಂದ ಉಳಿದ ಜಮೀನು ಬೇರ್ಪಟ್ಟು ಆಗುವ ಹಾನಿಯನ್ನೂ ಪರಿಹಾರದಲ್ಲಿ ಹಿಡಿಯಬೇಕೆಂದು 2013ರ ಭೂಸ್ವಾಧೀನ ಕಾಯ್ದೆಯ 28ನೇ ಕಲಮಿನಲ್ಲೇ ಇದೆ. ಜಂಟಿ ಸರ್ವೆಯ ಪಟ್ಟಿಯಲ್ಲಿ ‘ಮುಳುಗುವ ಜಮೀನು’ ಎಂಬುದರ ಪಕ್ಕದಲ್ಲಿ ‘ದಾರಿ ಮುಳುಗುವ ಜಮೀನು’ ಎಂದು ಇನ್ನೊಂದು ಕಾಲಂ ತೆಗೆಯಬೇಕು. ಆ ಜಮೀನಿಗೆ ಒಂದೋ ಸೇತುವೆ, ಇಲ್ಲವೇ ಪೂರ್ತಿ ಸ್ವಾಧೀನ. ಯಾವುದು ಬೇಕೆಂದು ರೈತನನ್ನೇ ಕೇಳಿ ಬರೆದುಕೊಳ್ಳಬೇಕು.

ಸರ್ವೆಯನ್ನು ಮೇ ತಿಂಗಳಲ್ಲಿ ಮಾಡಬೇಡಿ. ಆಗ ಸಣ್ಣ ಹೊಳೆ ಇಳಿದಿರುತ್ತದೆ, ಸರ್ವೆಯವರು ಬೈಕಿನಲ್ಲೇ ದಾಟಿ ಬಂದು ‘ದಾರಿ ಇದೆ’ ಎಂದು ಬರೆದು ಹೋಗುತ್ತಾರೆ. ಆಲಮಟ್ಟಿ 519.60ಕ್ಕೆ ತುಂಬಿ ನಿಂತಾಗ, ಸೆಪ್ಟೆಂಬರ್-ಅಕ್ಟೋಬರ್ ಸುಮಾರಿಗೆ ಬನ್ನಿ. ಬೋಟು ನಾವೇ ತರುತ್ತೇವೆ.

ಇಂತಿ,
ಕೃಷ್ಣಾ ಹೊಳೆಯ ನಡುಗಡ್ಡೆ ರೈತರು
ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ