ಕೆಂಪು–ಕಪ್ಪು ಅರ್ಧಕ್ಕರ್ಧ ಅಲ್ಲ

ಮಾನ್ಯ ಸಂಪಾದಕರೇ,

ಪುರವಣಿಯಲ್ಲಿ ಬಂದ ಕ್ಯಾಸಿನೋ ಲೇಖನ ಓದಿದೆ. ರೂಲೆಟ್‌ನಲ್ಲಿ (ತಿರುಗುವ ಚಕ್ರದಲ್ಲಿ ಗೋಲಿ ಯಾವ ಮನೆಯಲ್ಲಿ ನಿಲ್ಲುತ್ತದೆ ಎಂದು ಹಣ ಕಟ್ಟುವ ಆಟ) ಕೆಂಪು ಅಥವಾ ಕಪ್ಪಿನ ಮೇಲೆ ಕಟ್ಟಿದರೆ ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ ಎಂದಿದೆ. ಮೂವತ್ತು ವರ್ಷ ಗಣಿತ ಹೇಳಿಕೊಟ್ಟವನಿಗೆ ಸುಮ್ನೆ ಕೂರಲಾಗಲಿಲ್ಲ.

ಯುರೋಪಿನ ಮಾದರಿಯ ಚಕ್ರದಲ್ಲಿ 37 ಮನೆಗಳು. ಕೆಂಪು 18, ಕಪ್ಪು 18. ಉಳಿದದ್ದು ಒಂದು ಹಸಿರು ಸೊನ್ನೆ. ಗೋಲಿ ಅಲ್ಲಿ ನಿಂತರೆ ಸಾಮಾನ್ಯವಾಗಿ ಕೆಂಪಿನವರಿಗೂ ನಷ್ಟ, ಕಪ್ಪಿನವರಿಗೂ ನಷ್ಟ. ಕ್ಯಾಸಿನೋದ ಹೊಟ್ಟೆ ತುಂಬುವುದೇ ಆ ಸೊನ್ನೆಯಿಂದ. ಬೇಕಾದರೆ 37 ಮನೆಗಳಿಗೂ ಒಂದೊಂದು ಚಿಪ್ (ಹಣದ ಬದಲು ಇಡುವ ಬಿಲ್ಲೆ) ಇಟ್ಟು ನೋಡಿ. ಯಾವುದಾದರೂ ಒಂದು ಬಂದೇ ಬರುತ್ತದೆ, ಅಲ್ವಾ? ಗೆದ್ದದ್ದಕ್ಕೆ 35 ಚಿಪ್ ಕೊಡುತ್ತಾರೆ, ಅದರ ಮೇಲೆ ಇಟ್ಟಿದ್ದ ಒಂದು ವಾಪಸ್. ಒಟ್ಟು 36. ಇಟ್ಟದ್ದು 37! ಅಂದರೆ ಶೇ 2.7 ಅವರಿಗೆ. ಅಮೆರಿಕದ ಮಾದರಿಯಲ್ಲಿ ಇನ್ನೊಂದು ಸೊನ್ನೆ ಮನೆ ಸೇರಿ 38. ಕೊಡುವುದು ಮಾತ್ರ ಅದೇ 35, ಹಾಗಾಗಿ ಕಡಿತ ಶೇ 5.26. ಇಷ್ಟಿದ್ದ ಮೇಲೆ ಕೈಚಳಕದ ಅಗತ್ಯವೇ ಇಲ್ಲ.

ಈ ಲೆಕ್ಕ ಹೇಳಿ ಹೇಳಿ ನನ್ನ ಭಾವಮೈದುನನ ಮುಂದೆ ಸೋತಿದ್ದೇನೆ. ಅವನ ಹತ್ತಿರ ಒಂದು ನೋಟ್‌ಬುಕ್ ಇದೆ. ಬಂದ ಬಣ್ಣಗಳನ್ನೆಲ್ಲ ಕೆಂಪು ಪೆನ್ನು, ಕಪ್ಪು ಪೆನ್ನಿನಲ್ಲಿ ಸಾಲಾಗಿ ಬರೆದಿದ್ದಾನೆ. (ನನ್ನ ತರಗತಿಯ ಮಕ್ಕಳೂ ಇಷ್ಟು ಚೊಕ್ಕವಾಗಿ ಬರೆದವರಲ್ಲ.) "ಐದು ಸಲ ಕಪ್ಪೇ ಬಂತು ಭಾವ, ಇನ್ನು ಕೆಂಪು ಬರಲೇಬೇಕು" ಅನ್ನುತ್ತಾನೆ. ಹಿಂದೆ ಏನು ಬಂತೆಂದು ಚಕ್ರಕ್ಕೆ ನೆನಪಿರುವುದಿಲ್ಲ. 1913ರ ಆಗಸ್ಟ್‌ನಲ್ಲಿ ಮೊನಾಕೊ ದೇಶದ ಮಾಂಟೆ ಕಾರ್ಲೊ ಕ್ಯಾಸಿನೋದಲ್ಲಿ ಒಂದೇ ಸಮನೆ 26 ಸಲ ಕಪ್ಪು ಬಂದಿತ್ತು. ಈಗ ಕೆಂಪು, ಈಗ ಕೆಂಪು ಎಂದು ಕಟ್ಟುತ್ತಾ ಹೋದವರು ಬರಿಗೈಯಲ್ಲಿ ಎದ್ದರು. ಹಿಂದೆ ಬಂದ ಅಂಕಿಗಳನ್ನು ಈಗ ಎಷ್ಟೋ ಕಡೆ ಮೇಜಿನ ಪಕ್ಕದ ಪರದೆಯಲ್ಲಿ ಕ್ಯಾಸಿನೋದವರೇ ತೋರಿಸುತ್ತಾರೆ. ಅದರಿಂದ ಅವರಿಗೆ ನಷ್ಟ ಆಗುವಂತಿದ್ದರೆ ತೋರಿಸುತ್ತಿದ್ದರೇ?

ಒಳಗೆ ಗಡಿಯಾರ, ಕಿಟಕಿ ಇರುವುದು ಅಪರೂಪ ಎಂದು ಲೇಖಕರು ಬರೆದದ್ದು ಸರಿ. ಯಾಕೆ ಅಂತ ಮಾತ್ರ ಬರೆಯಲಿಲ್ಲ. ಆ ಶೇ 2.7 ನೀವು ಒಯ್ದ ಹಣದ ಮೇಲಲ್ಲ, ಪ್ರತಿ ಸಲ ಕಟ್ಟಿದ್ದರ ಮೇಲೆ. 100 ಚಿಪ್ ಒಯ್ದವನು ಗೆದ್ದದ್ದನ್ನೇ ಮತ್ತೆ ಮತ್ತೆ ಕಟ್ಟಿ ಒಟ್ಟು 1,000 ಕಟ್ಟಿದರೆ, ಸರಾಸರಿ 27 ಚಿಪ್ ಹೋಗುತ್ತದೆ. ಜಾಸ್ತಿ ಹೊತ್ತು ಕೂತಷ್ಟೂ ಅವರಿಗೆ ಲಾಭ.

ತಿದ್ದುಪಡಿ ಹಾಕುವಾಗ '37ಕ್ಕೆ 18, ಅಂದರೆ ಶೇ 48.6' ಎಂದು ಸ್ವಲ್ಪ ದಪ್ಪ ಅಕ್ಷರದಲ್ಲಿ ಹಾಕಿ. ನಾನು ಹೇಳಿದರೆ ಭಾವಮೈದುನ ನಂಬುವುದಿಲ್ಲ. ಪೇಪರಿನಲ್ಲಿ ಬಂದರೆ ನಂಬುತ್ತಾನೆ.

– ನಿವೃತ್ತ ಗಣಿತ ಶಿಕ್ಷಕ