ಒಂದು ಬೆಳೆಯ ಬೆಲೆ, ಐದು ವರ್ಷದ ಆದಾಯ ಪತ್ರ

ಮಾನ್ಯ ಸಂಪಾದಕರೇ,

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದು ನಿಮ್ಮ ಓದುಗರಿಗೆ ನೆನಪಿರಬಹುದು. ಮುಳಬಾಗಿಲು ತಾಲ್ಲೂಕಿನ ರೈತನಾದ ನಾನೂ ಆ ಹಂಗಾಮಿನಲ್ಲಿ ಒಂದೂಕಾಲು ಎಕರೆಗೆ ಟೊಮೆಟೊ ಇಟ್ಟಿದ್ದೆ. ಅಂದಿನ ಬೆಲೆ ಇಂದು ನನ್ನ ಮಗಳ ವಿದ್ಯಾರ್ಥಿವೇತನಕ್ಕೆ ಅಡ್ಡ ನಿಂತಿದೆ.

ಬೆಲೆ ಬಂದ ವರ್ಷವೇ ರೋಗವೂ ಬಂದಿತ್ತು. ಬಿಳಿನೊಣದ ಕಾಟಕ್ಕೆ ಎಲೆ ಮುದುಡಿ ಅರ್ಧಕ್ಕೂ ಹೆಚ್ಚು ಗಿಡ ಹಾಳಾಯಿತು. ಕೈಗೆ ಬಂದದ್ದು 310 ಬಾಕ್ಸ್. ಎರಡು ಸಾವಿರ ಸಿಕ್ಕಿದ್ದು ಎರಡೇ ದಿನ, ಸರಾಸರಿ ಬಿದ್ದದ್ದು 1,100. ಮಂಡಿಯವರು ಕೊಟ್ಟ ಮಾರಾಟದ ಪಟ್ಟಿಗಳನ್ನೆಲ್ಲ ಕೂಡಿದರೆ 3,41,000 ರೂಪಾಯಿ. ಸಸಿ, ಗೊಬ್ಬರ, ಔಷಧಿ, ನೀಲಗಿರಿ ಕಡ್ಡಿ, ಕೂಲಿ, ಸಾಗಣೆಗೆ ಹೋದದ್ದು 1,72,000. ಮನೆಯಲ್ಲಿ ಉಳಿದದ್ದು 1,69,000.

ಅದೇ ಅಕ್ಟೋಬರಿನಲ್ಲಿ ಮಗಳಿಗಾಗಿ ಆದಾಯ ಪ್ರಮಾಣ ಪತ್ರಕ್ಕೆ ಅರ್ಜಿ ಹಾಕಿದೆ. ವಿಚಾರಣೆಗೆ ಕರೆದಾಗ ಪಟ್ಟಿಗಳನ್ನೂ ಖರ್ಚಿನ ಚೀಟಿಗಳನ್ನೂ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಕೊಂಡೊಯ್ದಿದ್ದೆ. ಕೆಲವು ಪಟ್ಟಿಗಳ ಮೇಲೆ ಹಣ್ಣಿನ ರಸದ ಕಲೆ ಇನ್ನೂ ಇತ್ತು. ಅಲ್ಲಿದ್ದವರು ಪಟ್ಟಿಗಳನ್ನು ಒಂದೊಂದಾಗಿ ಬಿಡಿಸಿ ಕ್ಯಾಲ್ಕುಲೇಟರಿನಲ್ಲಿ ಕೂಡಿದರು. ರಬ್ಬರ್ ಬ್ಯಾಂಡ್ ಹಾಕಿದ್ದ ಖರ್ಚಿನ ಚೀಟಿಗಳ ಕಟ್ಟನ್ನು ಬಿಚ್ಚಲೇ ಇಲ್ಲ. ಪತ್ರದಲ್ಲಿ ಬಂದದ್ದು 3,40,000.

ನಾವು ಹಿಂದುಳಿದ ವರ್ಗಗಳ ಪ್ರವರ್ಗ–1ಕ್ಕೆ ಸೇರಿದವರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ನಮ್ಮ ಪ್ರವರ್ಗದ ಆದಾಯ ಮಿತಿ 2.5 ಲಕ್ಷ. ಮಗಳು 2024ರಲ್ಲಿ ಬಿ.ಎಸ್‌ಸಿ.ಗೆ ಸೇರಿದಳು. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಆದಾಯ ಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಹಾಕಿದ ಕೂಡಲೇ ಆದಾಯ ತಾನಾಗಿ ಮೂಡುತ್ತದೆ. ತಪ್ಪಿದ್ದರೆ ವಿವರಿಸಲು ಅಲ್ಲಿ ಜಾಗವಿಲ್ಲ. ಹಾಸ್ಟೆಲ್ ಸೀಟು ಸಿಗದವರ ಊಟ–ವಸತಿಗೆಂದು ಬಂದ ವಿದ್ಯಾಸಿರಿಯೂ ಹೀಗೆಯೇ ಕೈತಪ್ಪಿತು. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಎಂದು ಆರಂಭವಾದ ಯೋಜನೆ ಅದು. ಕೋಲಾರದಲ್ಲಿ ಮೂವರೊಡನೆ ಒಂದು ಕೋಣೆಯಲ್ಲಿರುವ ಹುಡುಗಿಗೆ ಆ ಹಣ ಬಾಡಿಗೆಯೂ ಹೌದು, ಅಕ್ಕಿಯೂ ಹೌದು.

ಮರುವರ್ಷದ ಒಂದು ಬೆಳೆಗೆ ಬಾಕ್ಸಿಗೆ 90 ರೂಪಾಯಿ ಸಿಕ್ಕಿತು. ಬಿಡಿಸುವ ಕೂಲಿಯೂ ಹುಟ್ಟದೆ ಅರ್ಧ ಹಣ್ಣನ್ನು ಗಿಡದಲ್ಲೇ ಬಿಟ್ಟೆವು. ಆ ಪಟ್ಟಿಗಳನ್ನು ಹಿಡಿದು ಹೊಸ ಆದಾಯ ಪತ್ರ ಕೇಳಲು ಹೋದೆ. ‘ಹಳೆಯದಕ್ಕೆ ಐದು ವರ್ಷ ಅವಧಿ ಇದೆಯಲ್ಲ, ಈಗ ಕಡಿಮೆ ಬರೆದರೆ ನಾಳೆ ನಮ್ಮನ್ನು ಕೇಳುತ್ತಾರೆ’ ಎಂಬ ಉತ್ತರ ಬಂತು. ಆ ನೌಕರರ ಮೇಲೆ ನನಗೆ ಕೋಪವಿಲ್ಲ. ಸಂಬಳದವರಿಗೆ ವರ್ಷದ ಸಂಬಳ, ತೆರಿಗೆ ತೋರಿಸುವ ಫಾರ್ಮ್ 16 ಇದೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ ಕಾರಣ ರೈತನ ಬಳಿ ಅಂಥ ಕಾಗದವಿಲ್ಲ. ಆ ಆದಾಯವನ್ನು ಹೇಗೆ ಲೆಕ್ಕ ಹಾಕಬೇಕು ಎಂಬ ಸೂತ್ರವೂ ಅವರ ಕೈಯಲ್ಲಿ ಇದ್ದಂತೆ ಕಾಣಲಿಲ್ಲ. ಹೀಗಾಗಿ ಪಟ್ಟಿ ತೋರಿಸಿದವನಿಗೆ ಮೂರೂವರೆ ಲಕ್ಷದ ಹತ್ತಿರ ಆದಾಯ. ಏನೂ ತೋರಿಸದೆ ಬಡ್ಡಿಗೆ ಹಣ ಬಿಡುವವರ ಮನೆಯಲ್ಲಿ ‘ವಾರ್ಷಿಕ 32,000’ ಎಂಬ ಪತ್ರ ಇರುವುದನ್ನು ನಾನೇ ನೋಡಿದ್ದೇನೆ. ಇದು ನನ್ನನ್ನು ಬಹಳ ನೋಯಿಸಿದೆ. ಸುಳ್ಳು ಹೇಳಿದ್ದರೆ ಮಗಳಿಗೆ ಹಣ ಬರುತ್ತಿತ್ತು.

ಆದಾಯ ಮಿತಿಯ ಗೆರೆಯ ವಿಷಯಕ್ಕೆ ಬಂದರೆ, ಒಂದೊಂದು ಕಿಟಕಿಯಲ್ಲಿ ಒಂದೊಂದು ಗೆರೆ. ಆರ್ಥಿಕವಾಗಿ ದುರ್ಬಲ ವರ್ಗದ ಮೀಸಲಾತಿಗೆ ಕೇಂದ್ರದ ಮಿತಿ 8 ಲಕ್ಷ. ಪದವಿ ವಿದ್ಯಾರ್ಥಿಗಳ ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ 4.5 ಲಕ್ಷ. ನಮಗೆ ಎರಡೂವರೆ. ಆ ಗೆರೆಗಿಂತ ನೂರು ರೂಪಾಯಿ ಕೆಳಗಿದ್ದವರಿಗೆ ಪೂರ್ತಿ, ನೂರು ರೂಪಾಯಿ ಮೇಲಿದ್ದವರಿಗೆ ಸೊನ್ನೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿಯನ್ನು ನೋಡಿ. ಅರ್ಹ ಶೈಕ್ಷಣಿಕ ಸಾಲಗಳಿಗೆ 4.5 ಲಕ್ಷದವರೆಗಿನ ಆದಾಯದವರಿಗೆ ಪೂರ್ಣ ಬಡ್ಡಿ ಸಹಾಯಧನ, 8 ಲಕ್ಷದವರೆಗೆ ಶೇ 3ರಷ್ಟು. ಮೆಟ್ಟಿಲು ಕಟ್ಟಲು ಬರುತ್ತದೆ ಎಂದಾಯಿತಲ್ಲ? ಸಾಲಕ್ಕೆ ಮೆಟ್ಟಿಲಿದ್ದರೆ ವಿದ್ಯಾರ್ಥಿವೇತನಕ್ಕೂ ಇರಲಿ.

ಕಂದಾಯ ಇಲಾಖೆ ಮತ್ತು ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯನ್ನು ನಾನು ಕೇಳುವುದು ದೊಡ್ಡದೇನಲ್ಲ. ಬೇಸಾಯದ ಮನೆಯ ಆದಾಯವನ್ನು ಮೂರು ವರ್ಷದ ಸರಾಸರಿಯಲ್ಲಿ ನೋಡಿ, ಬೆಳೆಯ ಖರ್ಚು ಕಳೆದು ಬರೆಯಿರಿ. ಬೆಲೆ ಬಿದ್ದ ವರ್ಷ, ಬೋರ್‌ವೆಲ್ ಬತ್ತಿದ ವರ್ಷ, ಮನೆಯ ದುಡಿಯುವ ಕೈ ಇಲ್ಲವಾದ ವರ್ಷ ಐದು ವರ್ಷ ಕಾಯಿಸದೆ ಪತ್ರವನ್ನು ತಿದ್ದಿಕೊಡಿ. ತಹಶೀಲ್ದಾರರ ಮಟ್ಟದಲ್ಲೇ ಮೇಲ್ಮನವಿಯನ್ನು ಕಾಲೇಜು ಪ್ರವೇಶದ ಹೊತ್ತಿಗೆ ತೀರ್ಮಾನಿಸಿ.

ನನ್ನ ಮಗಳ ಆದಾಯ ಪತ್ರದ ಅವಧಿ ತೀರುವುದು 2028ರ ಅಕ್ಟೋಬರಿನಲ್ಲಿ. ಅವಳ ಪದವಿ 2027ಕ್ಕೇ ಮುಗಿಯುತ್ತದೆ.

– ಒಬ್ಬ ಟೊಮೆಟೊ ಬೆಳೆಗಾರ, ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ