ಟಿಪ್ಸ್ ವಿಚಾರ: ಬಿಲ್ಡಿಂಗಿನವರೆಲ್ಲ ಒಮ್ಮೆ ಓದಿ

ಎಲ್ಲರಿಗೂ ನಮಸ್ಕಾರ. ಮನೆಗೆ ಡೆಲಿವರಿ ತರುವವರಿಗೆ, ಕೆಲಸಕ್ಕೆ ಬರುವವರಿಗೆ ಟಿಪ್ಸ್ ಕೊಡಬೇಕಾ ಬೇಡ್ವಾ ಅಂತ ನಿನ್ನೆಯಿಂದ ಇಲ್ಲಿ ಜೋರು ಮಾತು ನಡೆದಿದೆ. ನನಗೆ ಅನ್ನಿಸಿದ್ದು ಹೇಳ್ತೀನಿ.

ಸಿಲಿಂಡರ್ ಲೆಕ್ಕ ಬೇರೆ. ಮನೆ ಬಾಗಿಲಿಗೆ ತಂದುಕೊಡುವ ಖರ್ಚು ಬಿಲ್ಲಿನಲ್ಲೇ ಸೇರಿರುತ್ತದೆ. ಮೇಲೆ ಐವತ್ತು ಕೊಡಿ ಅಂತ ಪಟ್ಟು ಹಿಡಿದರೆ ಅದು ಟಿಪ್ಸ್ ಅಲ್ಲ, ವಸೂಲಿ. ಆದರೂ ಲಿಫ್ಟ್ ಇಲ್ಲದ ನಮ್ಮ ಮೂರನೇ ಮಹಡಿಗೆ ಹೆಗಲ ಮೇಲೆ ಹೊತ್ತು ತರುತ್ತಾರೆ. ನಾವಾಗಿ ಕೊಟ್ಟರೆ ತಪ್ಪೇನಿಲ್ಲ.

ಮೊನ್ನೆ ಮಧ್ಯಾಹ್ನ ಬೆಣ್ಣೆ ದೋಸೆ ತಂದ ಹುಡುಗನ ಅಂಗಿ ಬೆನ್ನಿಗೆ ಅಂಟಿತ್ತು. ದಾವಣಗೆರೆ ಬಿಸಿಲು ಗೊತ್ತಲ್ವಾ. ಒಂದು ಚೊಂಬು ನೀರು ಕುಡಿದ. ಇಪ್ಪತ್ತು ರೂಪಾಯಿ ಕೊಡಲು ಹೋದರೆ ‘ಬ್ಯಾಡ ಬಿಡ್ರಿ ಆಂಟಿ’ ಅಂದ, ಆಮೇಲೆ ಇಸ್ಕೊಂಡ.

2025ರಲ್ಲಿ ನಮ್ಮ ರಾಜ್ಯ ಸರ್ಕಾರ ಈ ಹುಡುಗನಂತೆ ಆ್ಯಪ್ ಕಂಪನಿಗಳಿಗೆ ದುಡಿಯುವವರಿಗೆಂದೇ ಕಾಯ್ದೆ ತಂದಿದೆ. ಕಂಪನಿಗಳು ಇವರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು. ಅದು ನಿಧಿಗೆ ಹೋಗುತ್ತದೆ, ಅವತ್ತಿನ ಪೆಟ್ರೋಲಿಗೆ ಬರಲ್ಲ.

ಪ್ಲಂಬರ್, ಎಲೆಕ್ಟ್ರಿಷಿಯನ್ ತಾವೇ ರೇಟ್ ಹೇಳ್ತಾರೆ, ಅವರಿಗೆ ಟೀ ಸಾಕು. ಕೊಡದವರನ್ನು ಗುಂಪಿನಲ್ಲಿ ಹಂಗಿಸಬೇಡಿ.

ನಾಳೆಯಿಂದ ಗೇಟಿನ ಹತ್ತಿರ ನೀರಿನ ಕ್ಯಾನ್ ಇಡಿಸುತ್ತಿದ್ದೇನೆ. ಎರಡು ಸ್ಟೀಲ್ ಲೋಟ ಯಾರಾದರೂ ಕೊಡಿ.